ಟ್ಯೂಡರ್ ರಾಣಿವಾಸದ ಊಳಿಗದ ಹೆಂಗಸರು: ಕಂಡದ್ದು, ಹೇಳಿದ್ದು, ಹೇಳದೆ ಉಳಿಸಿಕೊಂಡದ್ದು

ಚರಿತ್ರೆಯ ವಿದ್ಯಾರ್ಥಿನಿ (ಚರ್ಚೆಯ ಆರಂಭ)

ಇಂಗ್ಲೆಂಡನ್ನಾಳಿದ ಟ್ಯೂಡರ್ ವಂಶದ ರಾಜ ಎಂಟನೆಯ ಹೆನ್ರಿಯ ಆರು ಮದುವೆಗಳ ಕಥೆ ನಮ್ಮಲ್ಲಿ ಹಲವರಿಗೆ ಪರಿಚಿತವಾದದ್ದೇ. ಆದರೆ ಅದನ್ನು ಸದಾ ರಾಜನ ಕಡೆಯಿಂದಲೇ ಹೇಳಿಕೊಂಡು ಬಂದಿರುವುದರಿಂದ ರಾಣಿಯರು ಒಬ್ಬರ ಹಿಂದೊಬ್ಬರು ಬಂದು ಹೋದವರಾಗಿ ಕಾಣುತ್ತಾರೆ. ಅವರ ಸುತ್ತ ಹಗಲಿರುಳು ಇದ್ದ ಹೆಂಗಸರಂತೂ ಕಾಣುವುದೇ ಇಲ್ಲ. ಆ ಹೆಂಗಸರ ಬಗ್ಗೆ ಇಲ್ಲಿ ಮಾತನಾಡೋಣ ಎಂಬುದು ನನ್ನ ಆಸೆ.

ರಾಣಿಗೆ ತನ್ನದೇ ಜಮೀನು, ಆದಾಯ, ಸಲಹಾ ಮಂಡಳಿ, ಲೆಕ್ಕಪತ್ರದ ಅಧಿಕಾರಿಗಳು ಇರುತ್ತಿದ್ದರು. ಆ ಹುದ್ದೆಗಳಲ್ಲಿ ಗಂಡಸರಿದ್ದರೂ ಒಳಕೋಣೆಗಳ ಕೆಲಸ ಹೆಂಗಸರದೇ. ಡ್ಯೂಕ್ ಮತ್ತು ಅರ್ಲ್ ಎಂಬ ಹಿರಿಯ ಕುಲೀನರ ಹೆಂಡಂದಿರು (ಡಚೆಸ್ ಮತ್ತು ಕೌಂಟೆಸ್‌ಗಳು) ಹಬ್ಬ, ಮೆರವಣಿಗೆ, ರಾಯಭಾರಿಗಳ ಭೇಟಿಯಂಥ ಸಂದರ್ಭಗಳಲ್ಲಿ ರಾಣಿಯ ಜೊತೆಗಿರುತ್ತಿದ್ದರು. ಪ್ರಿವಿ ಚೇಂಬರ್ ಎಂಬ ಖಾಸಗಿ ಕೋಣೆಗೆ ಸೇರಿದ ಹೆಂಗಸರು ದಿನವೂ ರಾಣಿಗೆ ಉಡಿಸಿ ತೊಡಿಸುತ್ತಿದ್ದರು, ಊಟಕ್ಕೆ ನಿಲ್ಲುತ್ತಿದ್ದರು, ಒಡವೆಗಳನ್ನು ಕಾಯುತ್ತಿದ್ದರು. ಮೇಡ್ಸ್ ಆಫ್ ಆನರ್ ಎನ್ನಿಸಿಕೊಂಡವರು ಮದುವೆಯಾಗದ ಎಳೆಯ ಹುಡುಗಿಯರು. ಅವರ ಮೇಲೆ ಕಣ್ಣಿಡಲು 'ಮದರ್ ಆಫ್ ದಿ ಮೇಡ್ಸ್' ಎಂಬ ಹಿರಿಯಳೊಬ್ಬಳಿರುತ್ತಿದ್ದಳು. ಇವರೆಲ್ಲರಿಗಿಂತ ಕೆಳಗೆ, ಹಾಸಿಗೆ ಹಾಸಿ ಕೋಣೆಯನ್ನು ಓರಣವಾಗಿಡುವ ಚೇಂಬರರ್‌ಗಳು.

ಹೆನ್ರಿಯ ಆರು ರಾಣಿಯರಲ್ಲಿ ಮೂವರು ಈ ಊಳಿಗದಿಂದಲೇ ಮೇಲೆ ಬಂದವರು. ಆ್ಯನ್ ಬೊಲಿನ್ ಮೊದಲ ರಾಣಿ ಕ್ಯಾಥರಿನ್ ಆಫ್ ಆರಗನ್‌ಳ ಊಳಿಗದಲ್ಲಿದ್ದಳು, ಜೇನ್ ಸೀಮೋರ್ ಈ ಇಬ್ಬರ ಊಳಿಗವನ್ನೂ ಮಾಡಿದ್ದಳು, ಕ್ಯಾಥರಿನ್ ಹೊವರ್ಡ್ ನಾಲ್ಕನೆಯ ರಾಣಿ ಆ್ಯನ್ ಆಫ್ ಕ್ಲೀವ್ಸ್‌ಳ ಬಳಿ ಸೇರಿಕೊಂಡಿದ್ದಳು. ರಾಣಿಯ ಮೈಗೆ, ಹಾಸಿಗೆಗೆ, ತಿಂಗಳ ಮುಟ್ಟಿನ ಲೆಕ್ಕಕ್ಕೆ ಇಷ್ಟು ಹತ್ತಿರವಿದ್ದವರು ಬೇರೆ ಯಾರೂ ಇರಲಿಲ್ಲ. ಗಂಡು ಮಗು ಹುಟ್ಟುವುದರ ಮೇಲೆ ರಾಜ್ಯದ ಭವಿಷ್ಯವೇ ನಿಂತಿದ್ದ ಕಾಲದಲ್ಲಿ ಈ ಸಾಮೀಪ್ಯವೇ ಅವರ ಬಲವಾಗಿತ್ತು, ಅವರು ಬಾಯಿ ಬಿಟ್ಟು ಹೇಳಿದ್ದು ಸಾಕ್ಷ್ಯವಾಗುತ್ತಿತ್ತು ಎಂಬುದು ನನ್ನ ವಾದ. ಇದನ್ನು ಒಪ್ಪುವವರೂ ಒಪ್ಪದವರೂ ಆಧಾರ ಸಹಿತವಾಗಿ ಬರೆಯಬೇಕೆಂದು ಕೋರುತ್ತೇನೆ.

ಕಡತಪ್ರಿಯ

ಬಹಳ ಒಳ್ಳೆಯ ವಿಷಯ. ಈ ಊಳಿಗ ಸಿಗುತ್ತಿದ್ದ ಬಗೆಯನ್ನು ತಿಳಿಯಲು ಲೈಲ್ ಕುಟುಂಬದ ಪತ್ರಗಳಿಗಿಂತ ಒಳ್ಳೆಯ ಆಧಾರವನ್ನು ನಾನು ಕಂಡಿಲ್ಲ. ಲಾರ್ಡ್ ಲೈಲ್ ಫ್ರಾನ್ಸಿನ ಕರಾವಳಿಯಲ್ಲಿ ಅಂದು ಇಂಗ್ಲೆಂಡಿನ ವಶದಲ್ಲಿದ್ದ ಕ್ಯಾಲೆ ಪಟ್ಟಣದ ಅಧಿಪತಿಯಾಗಿದ್ದ. 1540ರಲ್ಲಿ ಅವನನ್ನು ಬಂಧಿಸಿದಾಗ ಮನೆಯ ಪತ್ರಗಳನ್ನೆಲ್ಲ ಜಫ್ತಿ ಮಾಡಿದ್ದರಿಂದ, ಒಂದು ಸಂಸಾರದ ಆಸೆ ಮತ್ತು ಆತಂಕಗಳು ಹಾಗೆಹಾಗೆಯೇ ಸರ್ಕಾರಿ ದಫ್ತರದಲ್ಲಿ ಉಳಿದುಕೊಂಡವು.

ಅವನ ಹೆಂಡತಿ ಆನರ್‌ಗೆ ಮೊದಲ ಗಂಡನಿಂದ ಆ್ಯನ್ ಮತ್ತು ಕ್ಯಾಥರಿನ್ ಬ್ಯಾಸೆಟ್ ಎಂಬ ಹೆಣ್ಣುಮಕ್ಕಳಿದ್ದರು. ಅವರಲ್ಲಿ ಒಬ್ಬಳಾದರೂ ರಾಣಿ ಜೇನ್ ಸೀಮೋರ್‌ಳ ಬಳಿ ಸೇರಬೇಕೆಂದು ತಾಯಿ ಪಟ್ಟ ಪಾಡು ಸಣ್ಣದಲ್ಲ. 1537ರಲ್ಲಿ ಬಸುರಿಯಾಗಿದ್ದ ರಾಣಿಗೆ ಲಾವಕ್ಕಿಯ ಮಾಂಸದ ಬಯಕೆ ಹತ್ತಿತು. ಲೇಡಿ ಲೈಲ್ ಕ್ಯಾಲೆಯಿಂದ ಕಡಲು ದಾಟಿಸಿ ಲಾವಕ್ಕಿಗಳನ್ನು ಕಳುಹಿಸತೊಡಗಿದಳು. ಜುಲೈ ತಿಂಗಳ ಒಂದು ಮಧ್ಯಾಹ್ನ ರಾಣಿ ಆ ಹಕ್ಕಿಗಳನ್ನೇ ತಿನ್ನುತ್ತಿದ್ದಾಗ, ಊಟಕ್ಕೆ ನಿಂತಿದ್ದ ರಟ್ಲೆಂಡ್ ಮತ್ತು ಸಸೆಕ್ಸ್‌ನ ಕೌಂಟೆಸ್‌ಗಳ ಮುಂದೆ ಈ ಹುಡುಗಿಯರ ಮಾತು ಬಂತು. ಇಬ್ಬರನ್ನೂ ಕಳುಹಿಸಲಿ, ನೋಡಿ ಒಬ್ಬಳನ್ನು ಆರಿಸಿಕೊಳ್ಳುತ್ತೇನೆ ಎಂದು ರಾಣಿ ಹೇಳಿದ್ದನ್ನು ಲೈಲ್ ಕುಟುಂಬದ ಕಾರಭಾರಿ ಜಾನ್ ಹಸಿ ಕೂಡಲೇ ಕ್ಯಾಲೆಗೆ ಬರೆದು ತಿಳಿಸಿದ.

ಆಯ್ಕೆಯಾದವಳು ಆ್ಯನ್. ಸಂಬಳ ವರ್ಷಕ್ಕೆ 10 ಪೌಂಡ್. ಆದರೆ ಆ ಸಂಬಳಕ್ಕೆ ತಕ್ಕಂತೆ ಕಾಣಿಸಿಕೊಳ್ಳಲು ತಗಲುವ ವೆಚ್ಚ ಮನೆಯವರ ತಲೆಯ ಮೇಲೆ. ಹುಡುಗಿ ಫ್ರಾನ್ಸಿನಲ್ಲಿ ಬೆಳೆದವಳು, ಅಲ್ಲಿನ ಉಡುಪು ತೊಟ್ಟು ಬಂದಿದ್ದಳು. ಹಿಂದಲೆಯ ಕಡೆಗೆ ಸರಿದು ಮುಂಗೂದಲು ಕಾಣಿಸುವ ಫ್ರೆಂಚ್ ಶಿರವಸ್ತ್ರ ಈ ರಾಣಿಗೆ ಒಗ್ಗದು. ಅದು ಆ್ಯನ್ ಬೊಲಿನ್‌ಳ ಕಾಲದ್ದು. ಮಾಡಿನ ಆಕಾರದಲ್ಲಿ ಮುಖವನ್ನು ಚೌಕಟ್ಟಿನೊಳಗೆ ಕೂಡಿಸುವ ಇಂಗ್ಲಿಷ್ ಶಿರವಸ್ತ್ರವೇ ಆಗಬೇಕೆಂದು ಅಪ್ಪಣೆಯಾಯಿತು. ಫ್ರೆಂಚ್ ಶಿರವಸ್ತ್ರದಷ್ಟು ಇದು ಹುಡುಗಿಗೆ ಒಪ್ಪುವುದಿಲ್ಲ, ಆದರೂ ರಾಣಿಯ ಇಚ್ಛೆ ನಡೆಯಲೇಬೇಕು ಎಂದು ಹಸಿ ಬರೆದಿದ್ದಾನೆ. ಒಳ ಅಂಗಿಗಳ ಬಟ್ಟೆ ಒರಟಾಯಿತು, ನಯವಾದದ್ದು ಬೇಕು. ಸೊಂಟದ ಪಟ್ಟಿಯಲ್ಲಿ 120ಕ್ಕಿಂತ ಹೆಚ್ಚು ಮುತ್ತುಗಳಿರದಿದ್ದರೆ ಅದನ್ನು ತೊಟ್ಟು ರಾಣಿಯ ಮುಂದೆ ಬರುವಂತಿಲ್ಲ. ಮುತ್ತು ಎಣಿಸುವ ಈ ವಿವರದಲ್ಲಿ ನನಗೆ ಕಾಣುವುದು ಇದು: ಒಬ್ಬ ಹುಡುಗಿಯನ್ನು ಊಳಿಗಕ್ಕೆ ಸೇರಿಸುವುದೆಂದರೆ ಇಡೀ ಕುಟುಂಬ ಬಂಡವಾಳ ಹೂಡಿದ ಹಾಗೆ.

ಆ್ಯನ್ ಪ್ರಮಾಣವಚನ ಸ್ವೀಕರಿಸಿದ್ದು 1537ರ ಸೆಪ್ಟೆಂಬರ್ 15ರ ಶನಿವಾರ. ಮರುದಿನವೇ ರಾಣಿ ಹೆರಿಗೆಯ ಕೋಣೆ ಹೊಕ್ಕಳು. ಅಕ್ಟೋಬರ್ 12ರಂದು ರಾಜಕುಮಾರ ಎಡ್ವರ್ಡ್ ಹುಟ್ಟಿದ, 24ರಂದು ರಾಣಿ ತೀರಿಕೊಂಡಳು. ಲೇಡಿ ಲೈಲ್ ವರ್ಷವಿಡೀ ನಡೆಸಿದ ಓಡಾಟದ ಫಲ ಆರು ವಾರವೂ ಉಳಿಯಲಿಲ್ಲ. ಆದರೂ ಆ್ಯನ್ ಆಸ್ಥಾನ ಬಿಡಲಿಲ್ಲ; ಮುಂದಿನ ರಾಣಿಯರ ಬಳಿಯೂ, ಕೊನೆಗೆ ಹೆನ್ರಿಯ ಮಗಳಾದ ರಾಣಿ ಮೇರಿಯ ಬಳಿಯೂ ಇದ್ದು, 1554ರಲ್ಲಿ ವಾಲ್ಟರ್ ಹಂಗರ್‌ಫರ್ಡ್‌ನನ್ನು ಮದುವೆಯಾದಳು.

ನಿವೃತ್ತ ದಾದಿ

ಹೆರಿಗೆಯ ಕೋಣೆಯ ಪ್ರಸ್ತಾಪ ಬಂದದ್ದರಿಂದ ನಾಲ್ಕು ಮಾತು ಸೇರಿಸುತ್ತೇನೆ. ನನ್ನ ವೃತ್ತಿಯ ಬಹುಭಾಗ ಹೆರಿಗೆ ವಾರ್ಡಿನಲ್ಲೇ ಕಳೆದಿದೆ. ಹಾಗಾಗಿ ಈ ವಿಷಯ ನನ್ನನ್ನು ಬಹಳ ಕಾಡುತ್ತದೆ.

ಹೆರಿಗೆಗೆ ಸುಮಾರು ಒಂದು ತಿಂಗಳಿರುವಾಗ ರಾಣಿ ವಿಧಿವತ್ತಾಗಿ ಕೋಣೆ ಸೇರುತ್ತಿದ್ದಳು. ಎಂಟನೆಯ ಹೆನ್ರಿಯ ತಂದೆ ಏಳನೆಯ ಹೆನ್ರಿಯ ತಾಯಿ ಮಾರ್ಗರೆಟ್ ಬೋಫರ್ಟ್‌ಳ ಹೆಸರಿನಲ್ಲಿ ಪ್ರಸಿದ್ಧವಾದ ನಿಯಮಾವಳಿಯಂತೆ ಗೋಡೆ, ಛಾವಣಿ, ಕಿಟಕಿಗಳಿಗೆಲ್ಲ ಚಿತ್ರಗಂಬಳಿಗಳನ್ನು ಇಳಿಬಿಟ್ಟು, ಬೆಳಕಿಗಾಗಿ ಒಂದೇ ಕಿಟಕಿಯನ್ನು ತೆರೆಯಲು ಬರುವಂತೆ ಬಿಡುತ್ತಿದ್ದರು. ಅಲ್ಲಿಂದ ಮುಂದೆ ಗಂಡಸರಿಗೆ ಪ್ರವೇಶವಿಲ್ಲ. ಬಡಿಸುವವರು, ಪಾನೀಯ ಕೊಡುವವರು, ಬಾಗಿಲು ಕಾಯುವವರು ಎಲ್ಲ ಕೆಲಸಕ್ಕೂ ಹೆಂಗಸರೇ ನಿಲ್ಲುತ್ತಿದ್ದರು. ಬೇಕಾದ ಸಾಮಾನನ್ನು ಗಂಡಾಳುಗಳು ಹೊರಬಾಗಿಲಿಗೆ ತಂದುಕೊಟ್ಟು ಹಿಂದಿರುಗಬೇಕಿತ್ತು. ಹೆರಿಗೆಯಾದ ಕೆಲವು ವಾರಗಳ ನಂತರ ಚರ್ಚಿನಲ್ಲಿ ಶುದ್ಧಿಯ ಪ್ರಾರ್ಥನೆ ನಡೆಯುವವರೆಗೆ, ನಮ್ಮ ಕಡೆ ಪುರುಡು ಕಳೆಯುವವರೆಗೆ ಇರುವ ಹಾಗೆ, ಬಾಣಂತಿ ಹೊರಗೆ ಕಾಣಿಸಿಕೊಳ್ಳುತ್ತಿರಲಿಲ್ಲ.

ಈ ಮಾರ್ಗರೆಟ್ ತಾನೇ ಹದಿಮೂರನೆಯ ವಯಸ್ಸಿನಲ್ಲಿ, 1457ರ ಜನವರಿಯಲ್ಲಿ, ಪೆಂಬ್ರೋಕ್ ಕೋಟೆಯಲ್ಲಿ ಹೆತ್ತವಳು. ಆ ವೇಳೆಗಾಗಲೇ ಗಂಡ ಸತ್ತಿದ್ದ. ಮುಂದೆ ಅವಳಿಗೆ ಇನ್ನೊಂದು ಮಗುವಾಗಲೇ ಇಲ್ಲ. ಅಷ್ಟು ಎಳೆಯ ಮೈ ಹೆರಿಗೆಯನ್ನು ಹೇಗೆ ತಡೆದುಕೊಂಡಿತೋ ಎಂದು ಯೋಚಿಸಿದರೆ ಈಗಲೂ ಸಂಕಟವಾಗುತ್ತದೆ. ತನ್ನ ಮೊಮ್ಮಗಳು, ಇವಳ ಹೆಸರನ್ನೇ ಹೊತ್ತ ಮಾರ್ಗರೆಟ್‌ಳನ್ನು ಸ್ಕಾಟ್ಲೆಂಡಿನ ರಾಜನಿಗೆ ಕೊಡುವ ಮಾತುಕತೆ ನಡೆದಾಗ, ಹುಡುಗಿ ಇನ್ನೂ ಎಳೆಯಳು, ಈಗಲೇ ಕಳುಹಿಸಬಾರದು ಎಂದು ಈ ಅಜ್ಜಿ ಸೊಸೆಯ ಜೊತೆ ಸೇರಿ ತಡೆದಳು. ಟ್ಯೂಡರ್ ಹೆಂಗಸರ ವಿವೇಕಕ್ಕೆ ನಾನು ಕೊಡುವ ಮೊದಲ ಉದಾಹರಣೆ ಇದು.

ಒಪ್ಪದವನು

ಆರಂಭದ ಬರಹದಲ್ಲಿ ಸಾಮೀಪ್ಯವೇ ಬಲ ಎಂದು ಹೇಳಲಾಗಿದೆ. ನನಗೆ ಇದರಲ್ಲಿ ಅರ್ಧ ಮಾತ್ರ ಒಪ್ಪಿಗೆ. ಆ ಹೆಂಗಸರು ಯಾವಾಗ ಮಾತನಾಡಬೇಕು, ಏನು ಹೇಳಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದವರು ಗಂಡಸರು. 1540ರ ಜುಲೈ ತಿಂಗಳನ್ನೇ ನೋಡಿ. ಆ್ಯನ್ ಆಫ್ ಕ್ಲೀವ್ಸ್‌ಳ ಮದುವೆಯನ್ನು ಅಸಿಂಧುಗೊಳಿಸಬೇಕಿತ್ತು; ಗಂಡಹೆಂಡಿರ ಸಂಬಂಧ ಕೂಡಿಯೇ ಬಂದಿಲ್ಲ ಎಂದು ತೋರಿಸಬೇಕಿತ್ತು. ಲೇಡಿ ರಟ್ಲೆಂಡ್, ಲೇಡಿ ರಾಚ್‌ಫರ್ಡ್ ಮತ್ತು ಲೇಡಿ ಎಜ್‌ಕಂಬ್ ಮೂವರೂ ಸೇರಿ ಕೊಟ್ಟ ಹೇಳಿಕೆ ಹೀಗಿದೆ: ರಾಜ ಮಲಗುವಾಗ ಮುತ್ತು ಕೊಟ್ಟು, ಕೈ ಹಿಡಿದು ಶುಭರಾತ್ರಿ ಹೇಳುತ್ತಾನೆ, ಬೆಳಗ್ಗೆ ಮತ್ತೆ ಮುತ್ತು ಕೊಟ್ಟು ಹೊರಡುತ್ತಾನೆ, ಇಷ್ಟು ಸಾಲದೇ ಎಂದು ರಾಣಿ ಮುಗ್ಧವಾಗಿ ಕೇಳಿದಳಂತೆ, ಇದರಿಂದ ರಾಜ್ಯಕ್ಕೆ ಉತ್ತರಾಧಿಕಾರಿ ಬರಲಾರ ಎಂದು ಇವರು ತಿಳಿಹೇಳಿದರಂತೆ.

ಇಂಗ್ಲೆಂಡಿಗೆ ಬಂದು ಆರೇ ತಿಂಗಳಾಗಿದ್ದ, ಇಂಗ್ಲಿಷ್ ಅರಿಯದೆ ಬಂದಿದ್ದ ಹೆಣ್ಣು ಇಷ್ಟು ನವಿರಾದ ಸಂಭಾಷಣೆ ನಡೆಸಿದ್ದಳೆಂಬುದನ್ನು ನಂಬುವುದು ಕಷ್ಟ. ವಕೀಲರಿಗೆ ಬೇಕಾದ ಮಾತು ವಕೀಲರಿಗೆ ಬೇಕಾದ ಹೊತ್ತಿನಲ್ಲಿ ಮೂವರು ಪ್ರತಿಷ್ಠಿತ ಹೆಂಗಸರ ಬಾಯಿಂದ ಬಂದಿದೆ. ಇಲ್ಲಿ ಬಲ ಅವರದೋ, ಅವರಿಂದ ಹೇಳಿಸಿದವರದೋ?

ಆ್ಯನ್ ಬೊಲಿನ್‌ಳ ಕೊನೆಯ ದಿನಗಳೂ ಹಾಗೆಯೇ. 1536ರ ಮೇ ತಿಂಗಳಲ್ಲಿ ವ್ಯಭಿಚಾರದ ಆರೋಪ ಹೊರಿಸಿ ಅವಳನ್ನು ಕೋಟೆಯೂ ಸೆರೆಮನೆಯೂ ಆಗಿದ್ದ ಲಂಡನ್ ಟವರ್‌ನಲ್ಲಿಟ್ಟಾಗ ಸುತ್ತ ಇರಿಸಿದ ಹೆಂಗಸರು ಅವಳು ಬೇಡಿ ಪಡೆದವರಲ್ಲ. ತನಗೆ ಎಂದೂ ಪ್ರೀತಿಯಿಲ್ಲದವರನ್ನೇ ಬಳಿಯಲ್ಲಿಟ್ಟಿದ್ದಾರೆಂದು ಅವಳು ನೊಂದುಕೊಂಡಳು. ಆತಂಕದಲ್ಲಿ ಅವಳು ಆಡಿದ ಒಂದೊಂದು ಮಾತನ್ನೂ ಇವರು ಟವರ್‌ನ ಅಧಿಕಾರಿ ಕಿಂಗ್‌ಸ್ಟನ್‌ಗೆ ಮುಟ್ಟಿಸುತ್ತಿದ್ದರು, ಅವನು ಮಂತ್ರಿ ಕ್ರಾಮ್‌ವೆಲ್‌ಗೆ ಬರೆಯುತ್ತಿದ್ದ. ಇದು ಗೂಢಚರ್ಯೆಯ ಕೆಲಸ. ಅದನ್ನು ಆ ಹೆಂಗಸರ ಅಧಿಕಾರವೆಂದು ಕರೆಯಲು ನನ್ನ ಮನಸ್ಸು ಒಪ್ಪದು.

ಚರಿತ್ರೆಯ ವಿದ್ಯಾರ್ಥಿನಿ

ನಿಮ್ಮ ಆಕ್ಷೇಪ ನ್ಯಾಯವಾದದ್ದೇ. ಕ್ಲೀವ್ಸ್ ರಾಣಿಯ ಪ್ರಕರಣದಲ್ಲಿ ನಾನು ನಿಮ್ಮ ಕಡೆಗೇ ವಾಲುತ್ತೇನೆ. ಆದರೆ ಆ್ಯನ್ ಬೊಲಿನ್‌ಳ ಪ್ರಕರಣ ಟವರ್‌ನಿಂದ ಆರಂಭವಾಗಲಿಲ್ಲ. ಆರೋಪ ಮೊದಲು ಹೊರಟದ್ದು ವೂಸ್ಟರ್‌ನ ಕೌಂಟೆಸ್ ಎಲಿಜಬೆತ್‌ಳಿಂದ ಎಂದು ಅದೇ ಜಾನ್ ಹಸಿ ಕ್ಯಾಲೆಗೆ ಬರೆದಿದ್ದಾನೆ. ನ್ಯಾನ್ ಕಾಬಮ್ ಎಂಬವಳನ್ನೂ ಇನ್ನೊಬ್ಬ ಊಳಿಗದ ಹುಡುಗಿಯನ್ನೂ ಹೆಸರಿಸಿದ್ದಾನೆ. ಈ ಕೌಂಟೆಸ್ ರಾಣಿಗೆ ಆಪ್ತಳು, ರಾಣಿಯಿಂದ 100 ಪೌಂಡ್ ಸಾಲ ಪಡೆದವಳು, ಆಗ ಬಸುರಿ. ಅವಳ ಮಗು ಹೊಟ್ಟೆಯಲ್ಲಿ ಮಿಸುಕಾಡದೆ ಸಂಕಟಪಡುತ್ತಿದ್ದುದನ್ನು ಸೆರೆಯಲ್ಲಿದ್ದ ರಾಣಿ ನೆನೆದು ಮರುಗಿದ್ದು ಕಿಂಗ್‌ಸ್ಟನ್‌ನ ಪತ್ರದಲ್ಲಿದೆ. ಕೌಂಟೆಸ್‌ಳ ಬಾಯಿಂದ ಏನು ಬಂದಿತ್ತೆಂಬುದು ಗೊತ್ತಿಲ್ಲದೆಯೇ ಅವಳ ಬಗ್ಗೆ ರಾಣಿ ಮರುಗಿದಳೋ ಏನೋ. ಅದನ್ನು ಓದುವಾಗಲೆಲ್ಲ ನನ್ನ ಎದೆ ಭಾರವಾಗುತ್ತದೆ.

ಇನ್ನು ದರ್ಜೆಯಲ್ಲಿ ಬಹಳ ಕೆಳಗಿದ್ದವಳೊಬ್ಬಳ ವಿಷಯ. 1501ರಲ್ಲಿ ಕ್ಯಾಥರಿನ್ ಆಫ್ ಆರಗನ್ ಸ್ಪೇನಿನಿಂದ ಬಂದಾಗ ಅವಳ ಪರಿವಾರದಲ್ಲಿ ಕ್ಯಾಟಲಿನಾ ಎಂಬ, ಮೊಟ್ರಿಲ್ ಊರಿನ ಮೂರಿಶ್ (ಸ್ಪೇನಿನ ಮುಸ್ಲಿಮರ) ಮೂಲದ ದಾಸಿಯೊಬ್ಬಳಿದ್ದಳು. ರಾಣಿಯ ಹಾಸಿಗೆ ಹಾಸುವುದು ಅವಳ ಕೆಲಸ. ಹೆನ್ರಿಯ ಅಣ್ಣ ಆರ್ಥರ್‌ನ ಜೊತೆಗಿನ ರಾಣಿಯ ಮೊದಲ ಮದುವೆಯಲ್ಲಿ ಕೂಡಾಟವಾಗಿತ್ತೇ ಇಲ್ಲವೇ ಎಂಬುದು, ಅವಳೊಂದಿಗಿನ ತನ್ನ ಮದುವೆಯನ್ನು ಅಸಿಂಧುಗೊಳಿಸಲು ಹೆನ್ರಿ ಹೊರಟದ್ದರಿಂದ, ಮೂವತ್ತು ವರ್ಷಗಳ ನಂತರ ಯೂರೋಪಿನ ದೊಡ್ಡ ಪ್ರಶ್ನೆಯಾದಾಗ, 1531ರಲ್ಲಿ, ಸ್ಪೇನಿನ ಕಡೆಯವರು ವಿಚಾರಿಸಬೇಕಾದವರ ಪಟ್ಟಿ ಮಾಡಿದರು. ಅದರಲ್ಲಿ ಈ ಕ್ಯಾಟಲಿನಾ ಇದ್ದಾಳೆ. ಆ ಹೊತ್ತಿಗೆ ಅವಳು ಅಡ್ಡಬಿಲ್ಲು ತಯಾರಿಸುವವನೊಬ್ಬನನ್ನು ಮದುವೆಯಾಗಿ, ವಿಧವೆಯಾಗಿ, ಹುಟ್ಟೂರಿಗೆ ಮರಳಿದ್ದಳು. ಪೋಪ್, ಚಕ್ರವರ್ತಿ, ರಾಜ ಮೂವರನ್ನೂ ಕಂಗೆಡಿಸಿದ್ದ ಪ್ರಶ್ನೆಗೆ ಉತ್ತರ ಬಲ್ಲವಳೆಂದು ಒಬ್ಬ ದಾಸಿಯನ್ನು ಹುಡುಕಬೇಕಾಗಿ ಬಂತು. ಅವಳ ಹೇಳಿಕೆ ಮಾತ್ರ ನಮ್ಮ ಕೈಗೆ ಬಂದಿಲ್ಲ.

ಮಲೆನಾಡಿನ ಓದುಗ

ಲೇಡಿ ರಾಚ್‌ಫರ್ಡ್‌ಳ ಹೆಸರು ಬಂದದ್ದರಿಂದ ಕೇಳುತ್ತಿದ್ದೇನೆ. ಗಂಡ ಜಾರ್ಜ್ ಬೊಲಿನ್ ಮತ್ತು ಅತ್ತಿಗೆ ಆ್ಯನ್ ವಿರುದ್ಧ ಹೊಟ್ಟೆಕಿಚ್ಚಿನಿಂದ ಸುಳ್ಳು ಹೇಳಿ ಇಬ್ಬರನ್ನೂ ಸಾವಿಗೆ ದೂಡಿದವಳು ಇವಳೇ ಅಲ್ಲವೇ? ಧಾರಾವಾಹಿಗಳಲ್ಲಿ ಅವಳನ್ನು ಹಾಗೆಯೇ ತೋರಿಸುತ್ತಾರೆ.

ಕಡತಪ್ರಿಯ

ಹಾಗೆ ಹೇಳಲು ಗಟ್ಟಿ ಆಧಾರವಿಲ್ಲ ಸರ್. ಹಸಿಯ ಪತ್ರಗಳಲ್ಲಿ ಆರೋಪ ಮಾಡಿದವರ ಸಾಲಿನಲ್ಲಿ ಅವಳ ಹೆಸರಿಲ್ಲ. ಗಂಡ ಟವರ್‌ನಲ್ಲಿದ್ದಾಗ ಅವನ ಯೋಗಕ್ಷೇಮ ವಿಚಾರಿಸಿ, ರಾಜನಲ್ಲಿ ಅವನ ಪರವಾಗಿ ಬೇಡಿಕೊಳ್ಳುತ್ತೇನೆಂದು ಅವಳು ಹೇಳಿಕಳುಹಿಸಿದ್ದಂತೂ ಕಿಂಗ್‌ಸ್ಟನ್‌ನ ಪತ್ರದಲ್ಲೇ ದಾಖಲಾಗಿದೆ. ಗಂಡನ ತಲೆ ಹೋದ ಮೇಲೆ ಅವಳ ಬಾಳು ಎಷ್ಟು ಕಷ್ಟಕ್ಕೆ ಸಿಕ್ಕಿತೆಂದರೆ, ಗಂಡನ ಆಸ್ತಿಯೆಲ್ಲ ರಾಜನ ವಶವಾಗಿ, ಮದುವೆಯ ಒಪ್ಪಂದದಂತೆ ಮಾವ ಕೊಡಬೇಕಿದ್ದ ವರ್ಷಕ್ಕೆ 100 ಮಾರ್ಕ್ ಸಾಲದೆ ಕ್ರಾಮ್‌ವೆಲ್‌ಗೆ ಮೊರೆಯಿಡಬೇಕಾಯಿತು. ಮತ್ತೆ ಆಸ್ಥಾನದ ಊಳಿಗಕ್ಕೆ ಅವಳು ಮರಳಿದ್ದನ್ನು ಈ ಹಿನ್ನೆಲೆಯಲ್ಲೇ ನೋಡಬೇಕು. ವಿಧವೆಗೆ ಬೇರೆ ಯಾವ ದಾರಿ ಇತ್ತು?

ಅವಳ ಮೇಲೆ ನಿಜವಾಗಿ ಸಾಬೀತಾದ ತಪ್ಪು 1541ರದು. ರಾಜನ ಉತ್ತರದ ಪ್ರವಾಸದಲ್ಲಿ ಲಿಂಕನ್, ಪಾಂಟಿಫ್ರಾಕ್ಟ್, ಯಾರ್ಕ್‌ಗಳಲ್ಲಿ ಐದನೆಯ ರಾಣಿ ಕ್ಯಾಥರಿನ್ ಹೊವರ್ಡ್ ರಾತ್ರಿಯ ಹೊತ್ತು ರಾಜನ ಖಾಸಗಿ ಕೋಣೆಯ ಊಳಿಗದವನಾದ ಥಾಮಸ್ ಕಲ್ಪೆಪರ್‌ನನ್ನು ಭೇಟಿಯಾದಾಗ ಹಿಂಬಾಗಿಲ ಕಾವಲಿಗೆ ನಿಂತವಳು ಇವಳು. ಲೇಡಿ ರಾಚ್‌ಫರ್ಡ್ ಇರುವಾಗ ಬಾ ಎಂದು ರಾಣಿ ಕಲ್ಪೆಪರ್‌ಗೆ ಬರೆದ ಪತ್ರ ಇಂದಿಗೂ ಉಳಿದಿದೆ. ಕ್ಯಾಥರಿನ್ ಟಿಲ್ನಿ, ಮಾರ್ಗರೆಟ್ ಮಾರ್ಟನ್ ಎಂಬ ಚೇಂಬರರ್‌ಗಳನ್ನು ಪ್ರಶ್ನಿಸಿದಾಗ, ಎಷ್ಟು ಹೊತ್ತಿಗೆ ಬಾಗಿಲು ಹಾಕಿತ್ತು, ರಾಣಿ ಎಷ್ಟು ಹೊತ್ತಿಗೆ ಮರಳಿದಳು, ತಮ್ಮನ್ನು ಯಾರು ಆಚೆ ಕಳುಹಿಸಿದರು ಎಂಬ ವಿವರಗಳು ಹೊರಬಂದವು. ಬಂಧನದಲ್ಲಿ ಲೇಡಿ ರಾಚ್‌ಫರ್ಡ್‌ಳ ಬುದ್ಧಿ ಕೆಟ್ಟಿತು. ಹುಚ್ಚು ಹಿಡಿದವರನ್ನೂ ರಾಜದ್ರೋಹಕ್ಕೆ ಶಿಕ್ಷಿಸಬಹುದೆಂಬ ಕಾಯಿದೆಯನ್ನೇ ಹೊಸದಾಗಿ ತಂದು, 1542ರ ಫೆಬ್ರವರಿ 13ರಂದು ರಾಣಿಯ ಬೆನ್ನಿಗೇ ಅವಳ ತಲೆಯನ್ನೂ ಕಡಿದರು. ಒಬ್ಬ ಹೆಂಗಸನ್ನು ಕೊಲ್ಲಲು ಕಾನೂನನ್ನೇ ತಿದ್ದಿದ ರಾಜನನ್ನು ಬಿಟ್ಟು, ನಾಲ್ಕೂವರೆ ಶತಮಾನ ಆ ಹೆಂಗಸನ್ನೇ ಹಳಿದುಕೊಂಡು ಬಂದದ್ದು ಅನ್ಯಾಯವೆಂದು ನಾನು ದೃಢವಾಗಿ ನಂಬಿದ್ದೇನೆ.

ನಿವೃತ್ತ ದಾದಿ

ಸಾಕ್ಷಿ ಹೇಳಿದವರ ಬಗ್ಗೆ ಇಷ್ಟು ಮಾತಾಯಿತು. ಬಾಯಿ ಬಿಡದವರನ್ನೂ, ಅಪ್ಪಣೆ ಮೀರಿದವರನ್ನೂ ಸೇರಿಸೋಣ.

ರಾಣಿಪಟ್ಟ ಕಳೆದುಕೊಂಡು ಕಿಂಬೋಲ್ಟನ್ ಕೋಟೆಯಲ್ಲಿ ಸಾಯುತ್ತಿದ್ದ ಮೊದಲ ರಾಣಿ ಕ್ಯಾಥರಿನ್‌ಳನ್ನು ನೋಡಲು ಅವಳ ಹಳೆಯ ಗೆಳತಿ ಮಾರಿಯಾ ದೆ ಸಾಲಿನಾಸ್, ಆ ವೇಳೆಗೆ ಲೇಡಿ ವಿಲ್ಲಬಿ, 1536ರ ಹೊಸ ವರ್ಷದ ದಿನ ಸಂಜೆ ಅನುಮತಿಯ ಪತ್ರವಿಲ್ಲದೆ ಬಾಗಿಲಿಗೆ ಬಂದಳು. ದಾರಿಯಲ್ಲಿ ಕುದುರೆಯಿಂದ ಬಿದ್ದೆ, ಪತ್ರ ಹಿಂದಿನಿಂದ ಬರುತ್ತದೆ ಎಂದು ಹೇಳಿ ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಜನವರಿ 7ರಂದು ಕ್ಯಾಥರಿನ್ ಪ್ರಾಣ ಬಿಟ್ಟಾಗ ಬಳಿಯಲ್ಲಿದ್ದಳು. ಸಾಯುವವರ ಪಕ್ಕದಲ್ಲಿ ಆಪ್ತರೊಬ್ಬರು ಇರುವುದರ ಬೆಲೆ ನಮ್ಮ ವೃತ್ತಿಯವರಿಗೆ ಚೆನ್ನಾಗಿ ಗೊತ್ತು.

ಹತ್ತು ವರ್ಷಗಳ ನಂತರ, 1546ರಲ್ಲಿ, ಆ್ಯನ್ ಆ್ಯಸ್ಕ್ಯೂ ಎಂಬ ಪ್ರೊಟೆಸ್ಟಂಟ್ ಸುಧಾರಣಾವಾದಿ ಹೆಂಗಸನ್ನು ಟವರ್‌ನಲ್ಲಿ ಚಿತ್ರಹಿಂಸೆಯ ಯಂತ್ರಕ್ಕೆ ಬಿಗಿದರು. ಹಿಂಸಿಸಿದವರಿಗೆ ಬೇಕಿದ್ದದ್ದು ಆರನೆಯ ರಾಣಿ ಕ್ಯಾಥರಿನ್ ಪಾರ್‌ಳ ಸುತ್ತಲಿನ ಹೆಂಗಸರ ವಿರುದ್ಧದ ಒಂದು ಮಾತು. ಸಫಕ್‌ನ ಡಚೆಸ್, ಹರ್ಟ್‌ಫರ್ಡ್‌ನ ಕೌಂಟೆಸ್, ಲೇಡಿ ಡೆನಿ ಮುಂತಾದವರ ಹೆಸರು ಹಿಡಿದು ಕೇಳಿದರು. ಸಫಕ್‌ನ ಆ ಡಚೆಸ್ ಕ್ಯಾಥರಿನ್, ಮಾರಿಯಾ ದೆ ಸಾಲಿನಾಸ್‌ಳ ಮಗಳೇ. ಟವರ್‌ನ ಅಧಿಕಾರಿ ಹಿಂಸೆಯನ್ನು ಮುಂದುವರಿಸಲು ಒಪ್ಪದಿದ್ದಾಗ ಚಾನ್ಸಲರ್ ರಿಯೋತ್‌ಸ್ಲಿಯೂ ರಿಚರ್ಡ್ ರಿಚ್‌ನೂ ಮೇಲಂಗಿ ಕಳಚಿಟ್ಟು ತಾವೇ ಯಂತ್ರ ತಿರುಗಿಸಿದರು. ನೀಲಿ ಅಂಗಿಯ ಆಳೊಬ್ಬ ಹತ್ತು ಶಿಲಿಂಗ್ ತಂದುಕೊಟ್ಟು ಲೇಡಿ ಹರ್ಟ್‌ಫರ್ಡ್ ಕಳುಹಿಸಿದ್ದೆಂದ, ಅದು ನಿಜವೋ ಅಲ್ಲವೋ ನಾನರಿಯೆ ಎಂಬಂಥ ಮಾತುಗಳಿಗಿಂತ ಹೆಚ್ಚಿಗೆ ಅವಳು ಹೇಳಲಿಲ್ಲ. ನಡೆಯಲಾಗದ ಅವಳನ್ನು ಜುಲೈ 16ರಂದು ಕುರ್ಚಿಯಲ್ಲಿ ಹೊತ್ತೊಯ್ದು ಸ್ಮಿತ್‌ಫೀಲ್ಡ್‌ನಲ್ಲಿ ಸುಟ್ಟರು. ರಾಣಿಯ ಕೋಣೆಯ ಯಾವ ಹೆಂಗಸಿನ ಮೇಲೂ ಮೊಕದ್ದಮೆ ನಡೆಯಲಿಲ್ಲ.

ಒಪ್ಪದವನು

ದಾದಿ ಮೇಡಂ ಬರೆದದ್ದನ್ನು ಓದಿದ ಮೇಲೆ ನನ್ನ ಮಾತನ್ನು ಸ್ವಲ್ಪ ವಿಸ್ತರಿಸುತ್ತೇನೆ. ಹೇಳುವುದು ಅವರ ಕೈಯಲ್ಲಿರಲಿಲ್ಲವಾದರೂ, ಹೇಳದಿರುವುದು ಕೆಲವೊಮ್ಮೆ ಅವರ ಕೈಯಲ್ಲಿತ್ತು. ಸಾಕ್ಷಿಯೇ ಇಲ್ಲವಾದರೆ ಏನಾಗುತ್ತಿತ್ತು ಎಂಬುದಕ್ಕೆ ಹೆನ್ರಿಯ ಮಗಳು ಮೊದಲನೆಯ ಎಲಿಜಬೆತ್‌ಳ ಕಾಲದ ಒಂದು ಪ್ರಕರಣವಿದೆ.

ಎಲಿಜಬೆತ್ ಆಳುವ ರಾಣಿಯಾದ್ದರಿಂದ ಅವಳ ಒಳಕೋಣೆಯಲ್ಲಿ ಹೆಂಗಸರೇ ತುಂಬಿದ್ದರು. ಅವಳ ಶೈಶವದಿಂದಲೂ ಜೊತೆಗಿದ್ದ ಬ್ಲಾಂಚ್ ಪ್ಯಾರಿ ಮದುವೆಯಾಗದೆ, ರಾಣಿಯ ಒಡವೆ ಮತ್ತು ಪುಸ್ತಕಗಳನ್ನು ಕಾಯುತ್ತ 1590ರಲ್ಲಿ ಸಾಯುವವರೆಗೂ ಊಳಿಗದಲ್ಲೇ ಉಳಿದಳು. ಆದರೆ ರಾಣಿಯ ಒಪ್ಪಿಗೆಯಿಲ್ಲದೆ ಮದುವೆಯಾದವರ ಗತಿ ಬೇರೆ. ಸಿಂಹಾಸನಕ್ಕೆ ಹಕ್ಕುಳ್ಳ ರಕ್ತದ ಕ್ಯಾಥರಿನ್ ಗ್ರೇ 1560ರ ಕೊನೆಯಲ್ಲಿ ಹರ್ಟ್‌ಫರ್ಡ್‌ನ ಅರ್ಲ್ ಎಡ್ವರ್ಡ್ ಸೀಮೋರ್‌ನನ್ನು ಗುಟ್ಟಾಗಿ ವರಿಸಿದಳು. ಏರ್ಪಾಡು ಮಾಡಿ, ಪಾದ್ರಿಯನ್ನು ಕರೆತಂದು, ಒಬ್ಬಳೇ ಸಾಕ್ಷಿಯಾಗಿ ನಿಂತವಳು ಅರ್ಲ್‌ನ ತಂಗಿ, ಇವಳಂತೆಯೇ ಊಳಿಗದ ಹುಡುಗಿಯಾಗಿದ್ದ ಲೇಡಿ ಜೇನ್ ಸೀಮೋರ್ (ಹಿಂದೆ ಬಂದ ರಾಣಿ ಜೇನ್ ಅಲ್ಲ, ಅದೇ ಹೆಸರಿನ ಬೇರೊಬ್ಬಳು). ಆ ಜೇನ್ 1561ರ ಮಾರ್ಚ್‌ನಲ್ಲಿ ತೀರಿಕೊಂಡಳು. ಬಸಿರು ಮುಚ್ಚಿಡಲಾಗದೆ ಕ್ಯಾಥರಿನ್ ಗುಟ್ಟನ್ನು ಹೇಳಿಕೊಂಡದ್ದು ಮೊದಲು ಲೇಡಿ ಸೇಂಟ್ ಲೋಗೆ, ಮುಂದೆ ಬೆಸ್ ಆಫ್ ಹಾರ್ಡ್‌ವಿಕ್ ಎಂದು ಹೆಸರಾದವಳಿಗೆ. ಗುಟ್ಟು ಕೇಳಿಸಿಕೊಂಡ ತಪ್ಪಿಗೆ ಅವಳೂ ವಿಚಾರಣೆ ಎದುರಿಸಬೇಕಾಯಿತು.

ಕ್ಯಾಥರಿನ್‌ಳ ಮೊದಲ ಮಗ 1561ರ ಸೆಪ್ಟೆಂಬರ್‌ನಲ್ಲಿ ಟವರ್‌ನಲ್ಲೇ ಹುಟ್ಟಿದ. ಪಾದ್ರಿ ಸಿಗಲಿಲ್ಲ, ಸಾಕ್ಷಿ ಬದುಕಿರಲಿಲ್ಲ, ಗಂಡ ಬರೆದುಕೊಟ್ಟ ಪತ್ರವನ್ನು ಅವಳು ಕಳೆದುಕೊಂಡಿದ್ದಳು. 1562ರಲ್ಲಿ ವಿಚಾರಣಾ ಮಂಡಳಿ ಮದುವೆಯೇ ಆಗಿಲ್ಲವೆಂದು ತೀರ್ಪಿತ್ತಿತು, ಮಗು ಅಕ್ರಮ ಸಂತಾನವೆನಿಸಿತು. ಕಾವಲಿನವರ ಕನಿಕರದಿಂದ ಗಂಡಹೆಂಡಿರು ಮತ್ತೆ ಸೇರಿ 1563ರಲ್ಲಿ ಎರಡನೆಯ ಮಗನಾದ. ಆಮೇಲೆ ಅವರನ್ನು ಬೇರೆಬೇರೆ ಮನೆಗಳಲ್ಲಿ ಕಾವಲಿನಲ್ಲಿಟ್ಟರು. ಕ್ಯಾಥರಿನ್ 1568ರ ಜನವರಿಯಲ್ಲಿ, ಇಪ್ಪತ್ತೇಳರ ಹರೆಯದಲ್ಲಿ, ಸಫಕ್‌ನ ಕಾಕ್‌ಫೀಲ್ಡ್ ಹಾಲ್‌ನಲ್ಲಿ ಬಂಧನದಲ್ಲೇ ತೀರಿಕೊಂಡಳು. ಜೇನ್ ಸೀಮೋರ್ ಬದುಕಿದ್ದು ಸಾಕ್ಷಿ ನುಡಿದಿದ್ದರೂ ಎಲಿಜಬೆತ್ ಕರಗುತ್ತಿದ್ದಳೆಂದು ನನಗನ್ನಿಸುವುದಿಲ್ಲ. ಆದರೆ ಆ ಇಬ್ಬರು ಗಂಡುಮಕ್ಕಳ ಹಕ್ಕನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲು ಆಗುತ್ತಿರಲಿಲ್ಲ.